ಕಿಲುಬು

ಮೇಣದ ಅಚ್ಚಿನೊಳಗೆ ನಾಲಿಗೆಯ ಎಡ ಅಂಚು,
ಕಡಲೆಬೇಳೆಯಷ್ಟು.
ಜೊತೆಗೆ ಬಂದ ಚೀಟಿಯಲ್ಲಿ ಮೂರೇ ಸಾಲು:
ಹೆಸಲ್ಡನ್, ಡೆರೆಕ್. ಎಪ್ಪತ್ತೊಂದು.
ಹಡಗು ಕಟ್ಟುವಲ್ಲಿ ವೆಲ್ಡರ್ ಆಗಿದ್ದವರು.
ನುಂಗಲು ನೋವು, ಮಾತು ತೊದಲು.

ನಾನು ಕೊಯ್ಯುತ್ತೇನೆ. ಕೂದಲಿಗಿಂತ ತೆಳ್ಳಗೆ,
ಈರುಳ್ಳಿ ಸಿಪ್ಪೆ ನಾಚಬೇಕು ಹಾಗೆ.
ಬೆಚ್ಚನೆ ನೀರಿನ ಮೇಲೆ ತೇಲಿಬಿಟ್ಟು
ಗಾಜಿನ ತುಂಡಿನಿಂದ ಎತ್ತಿಕೊಳ್ಳುತ್ತೇನೆ.
ಹದಿನಾರು ವರ್ಷದಿಂದ ಸಂಡರ್‌ಲೆಂಡಿನ ಈ ನೆಲಮಾಳಿಗೆಯಲ್ಲಿ
ಇದೇ ನನ್ನ ದೋಸೆ ಹುಯ್ಯುವ ಕೆಲಸ.
ಮುಖ ನೋಡಿದ್ದಿಲ್ಲ ಯಾರದೂ.

ಎಲುಬಿಲ್ಲದ ನಾಲಿಗೆ ಅನ್ನುತ್ತಿದ್ದರು ನಮ್ಮ ಕಡೆ,
ಬೈಯುವಾಗ.
ಎಲುಬಿಲ್ಲ, ನಿಜ.
ಆದರೆ ಎಷ್ಟೊಂದು ಎಳೆ! ಅಡ್ಡ, ಉದ್ದ, ಓರೆ,
ಈಚಲು ಚಾಪೆ ಹೆಣೆದ ಹಾಗೆ.
ಆ ಹೆಣಿಗೆಯ ನಡುವೆ ಇದು,
ಯಾರ ಮಾತೂ ಕೇಳದೆ ಬೆಳೆದದ್ದು.

ಬಣ್ಣ ಹಾಕಿದೆ, ಮೈಯ ಕಾವಲಿನವರು ಕಾಣಲೆಂದು.
ಬಂದಿದ್ದಾರೆ. ಬರಲಿಲ್ಲ ಎನ್ನುವಂತಿಲ್ಲ.
ದಂಡಿಯಾಗಿ ಬಂದು ಗಂಟಿನ ಹೊರಗೇ ನಿಂತಿದ್ದಾರೆ,
ಕರೆಯೋಲೆ ಇಲ್ಲದ ನೆಂಟರು
ಚಪ್ಪರದ ಕಂಬ ಹಿಡಿದು ನಿಂತಂತೆ.
ಒಳಗೆ ಹೋದವರು ಒಬ್ಬರೋ ಇಬ್ಬರೋ.
ಸೈನಿಕರು ಎನ್ನುತ್ತಾರೆ ಮೇಲಿನ ಮಹಡಿಯ ಡಾಕ್ಟರು.
ಇರಬಹುದು. ನಾನು ಯುದ್ಧ ಕಂಡವಳಲ್ಲ.

ಮಧ್ಯಾಹ್ನ ಬ್ರೆಂಡಾ ಕೊಟ್ಟ ಸೇಬು,
ಎರಡು ಕಚ್ಚು ಕಚ್ಚಿ ಮರೆತಿದ್ದೆ. ಕಂದಿ ಹೋಗಿತ್ತು.
"ನಿಂಬೆ ಹಿಂಡಬೇಕಿತ್ತು" ಎಂದಳು.
ತುಮಕೂರಿನ ಹಾಸ್ಟೆಲಿನಲ್ಲಿ ಚೌಡಮ್ಮ
ಹುಣಿಸೆಹಣ್ಣು ಹಚ್ಚಿ ತಾಮ್ರದ ಹಂಡೆ ತಿಕ್ಕುತ್ತ
ದಿನಾ ಗೊಣಗುತ್ತಿದ್ದಳು:
ಗಾಳಿ ಸುಮ್ಮನೆ ಬಿಡ್ತದಾ, ಕಿಲುಬು ಹಿಡಿಸದೆ?

ಉಸಿರಾಗಿ ಒಳಗೆ ಹೋದ ಗಾಳಿಯೂ
ಸುಮ್ಮನೆ ಬಿಡುವುದಿಲ್ಲ, ಚೌಡಮ್ಮ.
ನಲವತ್ತು ವರ್ಷ ಲೋಹದ ಹೊಗೆ, ಬೀಡಿ ಬದಲು ಸಿಗರೇಟು,
ಶುಕ್ರವಾರ ಸಂಜೆ ನದಿದಂಡೆಯ ಪಬ್ಬು.
ಕಿಡಿ ಬಿದ್ದಲ್ಲೆಲ್ಲ
ಕೋಶದೊಳಗೆ ಒಂದು ಅಕ್ಷರ ಸುಟ್ಟಿತು.
ತಿದ್ದುವವರು ತಿದ್ದಿದರು, ತಿದ್ದಿದರು,
ಬೇಸತ್ತ ಒಂದು ದಿನ
ಒಂದು ತಪ್ಪನ್ನು ಹಾಗೇ ಬಿಟ್ಟರು.
ಕಾವಲಿನವರೂ ಬರಿಗೈಯವರಲ್ಲ;
ಕ್ರಿಮಿಯನ್ನು ಕೊಲ್ಲಲು ಅವರು ಎರಚುವುದೂ ಇದೇ ಕಿಡಿ.
ಕಳ್ಳ ಯಾರು, ಹೊಸಿಲು ಯಾವುದು,
ಕಿಡಿಗೇನು ಗೊತ್ತು.

ಯಾರೂ ಕೇಳಿಲ್ಲ, ಆದರೂ ಹೇಳಿಬಿಡುತ್ತೇನೆ.
ಅವರು ನನಗೆ ಕಂಡದ್ದು ಕಂದು ಬಣ್ಣದಲ್ಲಿ.
ಆ ಕಂದು ಬಾಟಲಿಯಲ್ಲಿ ಬರುವುದಿಲ್ಲ.
ಬಣ್ಣವೇ ಇಲ್ಲದ ದ್ರವಕ್ಕೆ
ಅಷ್ಟು ಪೆರಾಕ್ಸೈಡು ಬೆರೆಸಿ, ಹತ್ತು ನಿಮಿಷ ಕಾದು,
ಗಾಜಿನ ಮೇಲೆ ನಾನೇ ಹಿಡಿಸುವ ಕಿಲುಬು ಅದು,
ಅವರನ್ನು ತಿಂದದ್ದರ ಒಡಹುಟ್ಟು.
ಅದಿಲ್ಲದೆ ನನಗೆ ಓದು ಬಾರದು.
ಬಾಟಲಿಯ ಮೇಲೆ ಸಣ್ಣ ಅಕ್ಷರದ ಎಚ್ಚರಿಕೆ ಬೇರೆ:
ಇದೂ ಕ್ಯಾನ್ಸರ್ ತರಬಹುದು.

ಮಾರ್ಚಿನಲ್ಲಿ ಇನ್ನೊಂದು ಅಚ್ಚು. ಅದೇ ಹೆಸರು.
ಈ ಸಲ ಕತ್ತಿನ ಗ್ರಂಥಿ; ಹೊಸ ಔಷಧಿ ಆರು ಸುತ್ತು ಎಂದಿತ್ತು ಚೀಟಿ.
ಕಾದೆ. ತೊಳೆದೆ. ಕಣ್ಣಿಟ್ಟೆ.
ಕಂದು ಚುಕ್ಕೆಗಳು ಕಂಬ ಬಿಟ್ಟು ಒಳಗೆ ನುಗ್ಗಿದ್ದವು,
ಬಲಗಡೆ ಒಂದು ಮೂಲೆಯಲ್ಲಿ ಮಾತ್ರ.
ಎಡಗಡೆ ಮೊದಲಿನಂತೆ.
ಬ್ರೆಂಡಾಳನ್ನು ಕರೆದು ತೋರಿಸಿದೆ. "ಹ್ಞೂಂ" ಎಂದಳು.
ಅದರ ಅರ್ಥ ಹೇಳುವುದು ಮೇಲಿನ ಮಹಡಿಯ ಕೆಲಸ.

ಕೈಗವಸು ಎಲ್ಲೋ ಹರಿದು
ಹೆಬ್ಬೆರಳಿಗೆ ಕಂದು ಅಂಟಿತ್ತು. ಸೋಪಿಗೆ ಹೋಗಲಿಲ್ಲ.
ಮನೆಯ ದಾರಿಯ ಬಸ್ಸಿನಲ್ಲಿ, ಸೇತುವೆ ದಾಟುವಾಗ,
ಕತ್ತಿಗೆ ಮಫ್ಲರು ಬಿಗಿದ ಮುದುಕರೊಬ್ಬರು ಹತ್ತಿದರು.
ಅವರೇ ಇರಲಾರರು.
ಆದರೂ ಚೀಲ ಮಡಿಲಿಗೆ ಎತ್ತಿಕೊಂಡು,
ಬೆರಳು ಮುಚ್ಚಿ,
ಸ್ವಲ್ಪ ಸರಿದು ಕೂತೆ.